ಪ್ರಗತಿಪರ ಕ್ರೈಸ್ತನೆಂದರೆ ನಂಬಿಕೆ ಕಡಿಮೆಯಾದವನೇ?

ಪ್ರಶ್ನೆ:
ನಾನು ಮೂವತ್ತು ವರ್ಷಗಳಿಂದ ತಪ್ಪದೆ ಸಭೆಗೆ ಹೋಗುತ್ತಿರುವ ವಿಶ್ವಾಸಿ. ಬೈಬಲಿನ ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯನ ಸೃಷ್ಟಿ, ಎರಡನೆಯದರಲ್ಲಿ ಮನುಷ್ಯನೇ ಮೊದಲು. ಹಾಗಿರುವಾಗ ಇದನ್ನು ಅಕ್ಷರಶಃ ಚರಿತ್ರೆಯೆಂದು ಓದುವುದು ಹೇಗೆ ಎಂದು ಸತ್ಯವೇದ ಅಧ್ಯಯನ ಕೂಟದಲ್ಲಿ ಕೇಳಿದೆ. ‘ನೀವೂ ಪ್ರಗತಿಪರರಾದಿರಿ’ ಎಂದು ಹಿರಿಯರೊಬ್ಬರು ನಕ್ಕರು. ಆ ನಗುವಿನಲ್ಲಿ ಬೇಸರವೂ ಇತ್ತು. ಕ್ರಿಸ್ತನ ಪುನರುತ್ಥಾನವನ್ನು ನಾನು ಈಗಲೂ ನಂಬುತ್ತೇನೆ. ಏನೇನನ್ನು ಬಿಟ್ಟರೆ ಒಬ್ಬನು ಪ್ರಗತಿಪರ ಕ್ರೈಸ್ತನೆನಿಸಿಕೊಳ್ಳುತ್ತಾನೆ?

ಮೊದಲ ಉತ್ತರ:
ಆದಿಕಾಂಡದ ಮಾತಷ್ಟೇ ಆಗಿದ್ದರೆ ಆ ಹೆಸರು ನಿಮಗೆ ಸಲ್ಲುವುದಿಲ್ಲ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನಗಳು ಕಳೆದವೆಂದು ಬುದ್ಧಿಯುಳ್ಳವರು ಯಾರು ನಂಬಿಯಾರು ಎಂಬ ಅರ್ಥದ ಪ್ರಶ್ನೆಯನ್ನು ಆದಿಸಭೆಯ ದೇವಶಾಸ್ತ್ರಜ್ಞ ಒರಿಗೆನನು ಮೂರನೆಯ ಶತಮಾನದಲ್ಲೇ ಕೇಳಿದ್ದನು.

ಏನನ್ನು ಬಿಟ್ಟಿರಿ ಎಂದು ಲೆಕ್ಕ ಹಾಕುವುದಕ್ಕಿಂತ ಸುವಾರ್ತೆಯನ್ನು ಎಲ್ಲಿ ನಿಂತು ಓದುತ್ತೀರಿ ಎಂದು ನೋಡುವುದು ಒಳ್ಳೆಯದು. ವಾಲ್ಟರ್ ರೌಶೆನ್‌ಬುಶ್ 1886ರಲ್ಲಿ ನ್ಯೂಯಾರ್ಕಿನ ಬಡ ಕಾರ್ಮಿಕರ ಬಡಾವಣೆಯಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದರ ಬೋಧಕರಾದರು. ಮೇಲಿಂದ ಮೇಲೆ ಮಕ್ಕಳ ಶವಸಂಸ್ಕಾರ ನಡೆಸಬೇಕಾಗಿ ಬಂದದ್ದು ಅವರ ಮನಸ್ಸನ್ನು ಕಲಕಿತು. ಪಾಪವು ಒಬ್ಬೊಬ್ಬರ ಹೃದಯದಲ್ಲಿ ಮಾತ್ರವಲ್ಲ, ಕೂಲಿಯಲ್ಲಿ, ಬಾಡಿಗೆಮನೆಗಳಲ್ಲಿ, ಕಾನೂನಿನಲ್ಲಿಯೂ ಮನೆಮಾಡಿರುತ್ತದೆ ಎಂಬ ಅವರ ವಾದ 1907ರಲ್ಲಿ ಪುಸ್ತಕವಾಗಿ ಬಂದು, ‘ಸಾಮಾಜಿಕ ಸುವಾರ್ತೆ’ ಎಂಬ ಚಳವಳಿಗೆ ಬಲ ತುಂಬಿತು. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ನ್ಯಾಯತೀರ್ಪಿನ ದಿನ ಅರಸನಾದ ಕ್ರಿಸ್ತನು ವಿಶ್ವಾಸಪ್ರಮಾಣವನ್ನು ಒಪ್ಪಿಸಿರೆಂದು ಕೇಳುವುದಿಲ್ಲ. ಹಸಿದಿದ್ದೆನು, ಊಟ ಕೊಟ್ಟಿರೋ ಇಲ್ಲವೋ ಎಂಬುದನ್ನೇ ಎತ್ತುತ್ತಾನೆ. ಪ್ರಗತಿಪರರಿಗೆ ಅದೇ ತಿರುಳು.

ಎರಡನೆಯ ಉತ್ತರ:
ನಾನು ಸಂಪ್ರದಾಯಸ್ಥ, ಮೇಲಿನವರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಅಪಾಯವನ್ನೂ ಹೇಳಬೇಕು. ಸತ್ಯವೇದವನ್ನು ಆಧುನಿಕ ವಿಚಾರದ ಬೆಳಕಿನಲ್ಲಿ ಓದಿದ ಉದಾರವಾದಿಗಳು ಬರೆದ ಯೇಸುವಿನ ಜೀವನಚರಿತ್ರೆಗಳನ್ನು 1906ರಲ್ಲಿ ಪರಿಶೀಲಿಸಿದ ದೇವಶಾಸ್ತ್ರಜ್ಞ ಆಲ್ಬರ್ಟ್ ಶ್ವೈಟ್ಸರ್, ಅವುಗಳಲ್ಲಿ ಆಯಾ ಲೇಖಕನದೇ ಮುಖ ಕಾಣುತ್ತದೆಂದು ತೋರಿಸಿದರು. 1914ರಲ್ಲಿ ಜರ್ಮನಿಯ 93 ವಿದ್ವಾಂಸರು ತಮ್ಮ ದೇಶದ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದಾಗ ಅವರಲ್ಲಿ ಉದಾರವಾದಿ ದೇವಶಾಸ್ತ್ರದ ಮಹಾಪಂಡಿತ ಹಾರ್ನಾಕ್ ಕೂಡ ಇದ್ದರು. ಅವರ ಶಿಷ್ಯ ಕಾರ್ಲ್ ಬಾರ್ತ್‌ಗೆ ಗುರುಗಳ ದೇವಶಾಸ್ತ್ರದ ಮೇಲಿದ್ದ ಭರವಸೆಯೇ ಕುಸಿಯಿತು. ನಮ್ಮ ಕಾಲದ ಒಳ್ಳೆಯ ಅಭಿಪ್ರಾಯಗಳಿಗೆಲ್ಲ ಹೌದೆನ್ನುವ ಕ್ರಿಸ್ತನು ನಮ್ಮನ್ನು ತಿದ್ದುವುದಾದರೂ ಯಾವಾಗ?

ಮೂರನೆಯ ಉತ್ತರ:
ಎರಡನೆಯವರ ಎಚ್ಚರಿಕೆ ನ್ಯಾಯವಾದದ್ದೇ, ಆದರೆ ಅದು ಪ್ರಗತಿಪರರು, ಸಂಪ್ರದಾಯಸ್ಥರು ಇಬ್ಬರಿಗೂ ಅನ್ವಯಿಸುತ್ತದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯವನ್ನು ತೆರೆದು ನೋಡಿ. 12ನೇ ವಚನವನ್ನು ತೋರಿಸಿ, ಹೆಂಗಸರು ಬೋಧಿಸಬಾರದೆಂದು ನನ್ನನ್ನು ವೇದಿಕೆಯಿಂದ ದೂರವಿಟ್ಟ ಸಭೆಯಲ್ಲಿಯೇ ನಾನು ಬೆಳೆದೆ. ಅದಕ್ಕಿಂತ ಮೂರೇ ವಚನ ಹಿಂದೆ, 9ನೆಯದರಲ್ಲಿ, ಜಡೆ, ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರ ಇವುಗಳಿಂದ ಅಲಂಕರಿಸಿಕೊಳ್ಳಬಾರದೆಂದಿದೆ. ಚಿನ್ನದ ಸರ ಹಾಕಿಕೊಂಡು ಬಂದ ಯಾರನ್ನೂ ಬಾಗಿಲಲ್ಲಿ ತಡೆದದ್ದನ್ನು ನಾನು ಕಂಡಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನು ಫೊಯಿಬೆಯನ್ನು ಸಭೆಯ ಸೇವಕಿಯೆಂದು ಹೊಗಳಿರುವುದನ್ನು ಮಾತ್ರ ಯಾರೂ ಎತ್ತಲಿಲ್ಲ. ಆರಿಸಿ ಓದುವವರು ಪ್ರಗತಿಪರರು ಮಾತ್ರವಲ್ಲ, ಎಲ್ಲರೂ ಆರಿಸುತ್ತಾರೆ. ಯಾವ ಅಳತೆಗೋಲಿನಿಂದ ಆರಿಸುತ್ತೇನೆಂದು ಬಾಯಿಬಿಟ್ಟು ಹೇಳಿ, ಅದನ್ನು ಪ್ರಶ್ನಿಸಲು ಇತರರಿಗೆ ಬಿಡುವುದನ್ನೇ ನಾನು ಪ್ರಗತಿಪರತೆ ಎಂದು ತಿಳಿದಿದ್ದೇನೆ. ನನ್ನ ಅಳತೆಗೋಲು ನೆರೆಯವನ ಮೇಲಿನ ಪ್ರೀತಿ. ಅದೂ ಕೆಲವೊಮ್ಮೆ ನನಗೆ ಅನುಕೂಲವಾದ ಕಡೆಗೇ ವಾಲುತ್ತದೆ, ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಬಿಟ್ಟದ್ದೇನು ಎಂದು ಕೇಳಿದ್ದೇ ನನ್ನ ತಪ್ಪೆಂದು ತೋರುತ್ತದೆ. ಹೆಸರಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಕೂಟದಲ್ಲಿ ಓದುವ ಸರದಿ ನನ್ನದು. ತಿಮೊಥೆಯ ಪತ್ರವನ್ನು ತೆಗೆದುಕೊಂಡು 9ನೇ ವಚನದಿಂದ ಆರಂಭಿಸುತ್ತೇನೆ. ಆ ಹಿರಿಯರ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕೆಂದಿದ್ದೇನೆ.