4×6 ಅಡಿ ಬಾತ್‌ರೂಮಿಗೆ ಶವರ್: ಪ್ಲಂಬರ್ ಮಂಜಣ್ಣನ ಹತ್ತಿರ ಕೇಳಿ

ರೇಖಾ: ಅಣ್ಣಾ, ನಮ್ಮ ಬಾತ್‌ರೂಮ್ 4×6 ಅಡಿ, ಕಮೋಡ್ ಕೂಡ ಒಳಗೇ. ಶವರ್‌ಗೆ ಗಾಜಿನ ಪಾರ್ಟಿಶನ್ ಹಾಕಿಸಬಹುದಾ?

ಮಂಜಣ್ಣ: ಹಾಕಿಸಬಹುದು. ಶವರ್ ಬಾಗಿಲಿನಿಂದ ದೂರದ ಗೋಡೆಗೆ ಬರಲಿ. ಎರಡೂವರೆ ಅಡಿ ಬಿಟ್ಟರೆ ನಿಂತು ಸ್ನಾನ ಮಾಡಬಹುದು, ಮೂರಡಿ ಸಿಕ್ಕರೆ ತಲೆ ಉಜ್ಜುವಾಗ ಮೊಣಕೈ ತಾಗಲ್ಲ. ಗಾಜಿಗೆ ಬಾಗಿಲು ಬೇಡ, ಕಮೋಡಿಗೆ ಬಡಿಯುತ್ತದೆ. ಅರ್ಧ ಅಡ್ಡಗಾಜು ಸಾಕು, ಟಫನ್ಡ್ ಗ್ಲಾಸೇ ಇರಲಿ. ನೆಲದ ಇಳಿಜಾರು ಅಡಿಗೆ ಕಾಲಿಂಚು.

ಗಿರೀಶ್: ಸರ್, ನಮ್ಮ ಕೆಳಗಿನ ಮನೆ ಸೀಲಿಂಗ್ ಒದ್ದೆ ಆಗ್ತಿದೆ. ಹಳೇ ಟೈಲ್ ಮೇಲೇ ಹೊಸದು ಕೂರಿಸಬಹುದಾ?

ಮಂಜಣ್ಣ: ಬೇಡ. ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಿ. ಟ್ರ್ಯಾಪ್ (ನೆಲದ ನೀರು ಹೋಗುವ ತೂತು) ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡಿ, ಆಮೇಲೆ ಟೈಲ್.

ಶ್ರೀಧರ: ಕೀಳೋದೇ ಬೇಡ. ವೈಟ್ ಸಿಮೆಂಟಿಗೆ ಅಂಟು ಕಲಸಿ ಸಂದಿಗೆ ತುಂಬಿದರೆ ಲೀಕ್ ನಿಲ್ಲುತ್ತಂತೆ, ಫಾರ್ವರ್ಡ್ ಬಂದಿತ್ತು.

ಮಂಜಣ್ಣ: ಹಾಗೆ ಮಾಡಬೇಡಿ. ನೀರಿರೋದು ಟೈಲ್ ಅಡಿಯಲ್ಲಿ.

ವೀಣಾ: ನಮ್ಮ ಟ್ಯಾಂಕ್ ಶವರ್‌ಗಿಂತ ಹತ್ತಡಿ ಮೇಲಿದೆ. ದೊಡ್ಡ ರೈನ್ ಶವರ್ ನಡೆಯುತ್ತಾ ಅಣ್ಣಾ?

ಸವಿತಾ: ಅಣ್ಣಾ, ನಮ್ಮದೂ ಇಷ್ಟೇ ಜಾಗ. ಗ್ಯಾಸ್ ಗೀಸರ್ ಒಳಗಿದೆ. ಚಳಿ ಅಂತ ಕಿಟಕಿಗೆ ಥರ್ಮಾಕೋಲ್ ಒತ್ತಿದ್ದೀವಿ. ಅದನ್ನು ಪೂರ್ತಿ ಮುಚ್ಚಿ ಆ ಗೋಡೆಗೆ ಶವರ್ ಕೂರಿಸಬೇಕು ಅಂತಿದ್ದೀವಿ. ನಿನ್ನೆ ಮಗಳು ಸ್ನಾನ ಮುಗಿಸಿ ಬಂದವಳು ತಲೆಸುತ್ತು, ತಲೆನೋವು ಅಂತ ಮಲಗಿಬಿಟ್ಟಳು. ಶವರ್ ಎಷ್ಟು ಎತ್ತರಕ್ಕೆ ಇಡಬೇಕು?

ಮಂಜಣ್ಣ: ಶವರ್ ವಿಷಯ ಆಮೇಲೆ ಸವಿತಮ್ಮ. ಮೊದಲು ಗೀಸರ್ ಆರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ, ಥರ್ಮಾಕೋಲ್ ಕಿತ್ತು ಹಾಕಿ. ಮಗಳನ್ನು ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಗ್ಯಾಸ್ ಗೀಸರ್ ಇದ್ದ ಬಾತ್‌ರೂಮಲ್ಲಿ ಸ್ನಾನ ಮಾಡಿದಳು ಅಂತ ಮರೀದೆ ಹೇಳಿ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಲ್ಲ. ತಲೆಸುತ್ತು ಬರುತ್ತದೆ, ಚಿಲಕ ತೆಗೆಯುವಷ್ಟು ಶಕ್ತಿ ಇರಲ್ಲ. ಉರಿ ಹಳದಿ ಇದ್ದರೆ ಕೆಟ್ಟದ್ದು, ಆದರೆ ನೀಲಿ ಇದೆ ಅಂತ ಧೈರ್ಯ ತಗೋಬೇಡಿ. ಗೀಸರ್ ಹೊರಗಿನ ಗೋಡೆಗೆ ಹೋಗಲಿ, ಪೈಪ್ ಮಾತ್ರ ಒಳಗೆ ಬರಲಿ.

ಶ್ರೀಧರ: ಒಳಗೆ ಒಂದು ಬಕೆಟ್ ತಣ್ಣೀರಿಟ್ಟರೆ ಗ್ಯಾಸ್ ಎಳೆದುಕೊಳ್ಳುತ್ತೆ ಅಂತಾರೆ.

ಮಂಜಣ್ಣ: ಎಳೆದುಕೊಳ್ಳಲ್ಲ! ಅದು ನೀರಲ್ಲಿ ಕರಗೋದೇ ಅತ್ಯಲ್ಪ. ಶ್ರೀಧರ್ ಅವರೇ, ಆ ಮೆಸೇಜ್ ದಯವಿಟ್ಟು ಇನ್ಯಾರಿಗೂ ಕಳಿಸಬೇಡಿ.

ಶ್ರೀಧರ: ಒಳ್ಳೇದಕ್ಕೇ ಹೇಳಿದ್ದು. ಹತ್ತು ವರ್ಷದಿಂದ ನಮ್ಮ ಗೀಸರ್ ಒಳಗೇ ಇದೆ, ಏನೂ ಆಗಿಲ್ಲ.

ರೇಖಾ: ನಿಮ್ಮ ಕಿಟಕಿ ತೆರೆದಿರಬಹುದು. ಅವರ ಮಗು ತಲೆಸುತ್ತಿ ಮಲಗಿದೆ, ಈಗ ವಾದ ಬೇಕಾ?

ಶ್ರೀಧರ: ವಾದ ಶುರು ಮಾಡಿದ್ದು ನಾನಲ್ಲ.

ಗಿರೀಶ್: ವೀಣಾ ಅವರೇ, ಹತ್ತಡಿಗೆ ನೀರಿನ ಒತ್ತಡ 0.3 ಬಾರ್ ಸಿಗುತ್ತೆ ಅಷ್ಟೇ, ದೊಡ್ಡ ಶವರ್‌ಗೆ ಸಾಲಲ್ಲ. ಚಿಕ್ಕ ಶವರ್ ಹಾಕಿ, ಇಲ್ಲ ಪಂಪ್ ಹಾಕಿಸಿ.

ಪ್ರಕಾಶ್: ಹಳೇ ಟೈಲ್ ಮೇಲೆ ಟೈಲ್ ಹಾಕಬಹುದಾ ಸರ್?

ಮಂಜಣ್ಣ: ಮೇಲೆ ಓದಿ.

ಪ್ರಕಾಶ್: ಕೇಳಿದ್ದಕ್ಕೆ ಸಿಟ್ಟಾ? ಸರಿ, ಯಾವ ಗ್ರೌಟ್ ಒಳ್ಳೇದು ಅಂತಾದರೂ ಹೇಳಿ.

ಸವಿತಾ: ಗೀಸರ್ ಆರಿಸಿ ಕಿಟಕಿ ತೆರೆದೆ ಅಣ್ಣಾ, ಆಸ್ಪತ್ರೆಗೆ ಹೊರಟಿದ್ದೀವಿ. ಹೊರಗೆ ಹಾಕಿದರೆ ಪೈಪ್ ಉದ್ದ ಆಗಲ್ವಾ?

ಮಂಜಣ್ಣ: ಆಗಲಿ ಬಿಡಿ, ಬಿಸಿನೀರು ಸ್ವಲ್ಪ ತಡವಾಗಿ ಬರುತ್ತೆ. ಡಾಕ್ಟರ್ ಏನಂದರು ಅಂತ ತಿಳಿಸಿ.