ಎಡ್ವರ್ಡ್ ರೂಪಾಯಿಯಲ್ಲಿ ಕಿವಿ ಮೇಲಿನ ಕೂದಲೇ ಇಲ್ಲ: ಸವೆತವೋ, ಅಚ್ಚು ಸರಿಯಾಗಿ ಬಿದ್ದಿಲ್ಲವೋ?

ಮಂಡ್ಯ_ನಾಣ್ಯ: 1903 ಮತ್ತು 1907ರ ಏಳನೇ ಎಡ್ವರ್ಡ್ ಬೆಳ್ಳಿ ರೂಪಾಯಿ ಮಾರಾಟಕ್ಕಿವೆ. ಸುತ್ತಲಿನ ಅಕ್ಷರ, ಹಿಂಬದಿಯ ಕಿರೀಟ ಚೆನ್ನಾಗಿವೆ. ಎರಡರಲ್ಲೂ ಕಿವಿ ಮೇಲಿನ ಕೂದಲು ಮಾತ್ರ ಬೋಳು. ‘ಸವೆದಿಲ್ಲ, ಅಚ್ಚೇ ಹಗುರಾಗಿ ಬಿದ್ದಿದೆ’ ಅಂತ ಮಾರುವವರು ಬೆಲೆ ಏರಿಸಿದ್ದಾರೆ. ನಂಬಬಹುದಾ?

ಕೆ.ಆರ್.ಮೊಹಲ್ಲಾ: ಗೊಂದಲ ಸಹಜ ಸರ್. ನಾಣ್ಯದ ಅತಿ ಎತ್ತರದ ಜಾಗ ಅಂದರೆ ಅಚ್ಚಿನ ಅತಿ ಆಳದ ಜಾಗ. ಒತ್ತಡ ಸಾಲದಿದ್ದರೆ ಬೆಳ್ಳಿ ಅಲ್ಲಿಗೇ ತುಂಬೋದಿಲ್ಲ. ಚಲಾವಣೆಯಲ್ಲಿ ಮೊದಲು ಉಜ್ಜಿಹೋಗೋದೂ ಅದೇ ಜಾಗ. ವಿಕ್ಟೋರಿಯಾದಲ್ಲಿ ಉಡುಪಿನ ಕಸೂತಿ, ಐದನೇ ಜಾರ್ಜ್‌ನಲ್ಲಿ ಕಿವಿ, ಹುಬ್ಬು ಮತ್ತು ನಿಲುವಂಗಿ ಮೇಲಿನ ಪುಟ್ಟ ಆನೆ. ಎಡ್ವರ್ಡ್ ತಲೆಗೆ ಕಿರೀಟವೂ ಇಲ್ಲ, ಕೂದಲ ಗೆರೆಗಳೂ ತೆಳು. ಅದಕ್ಕೇ ಈ ಸರಣಿಯಲ್ಲಿ ಕೂದಲು ಪೂರ್ತಿ ಉಳಿದ ನಾಣ್ಯ ಸಿಗೋದು ಕಷ್ಟ.

ಒಂದೇ ಬಲ್ಬ್ ಕೆಳಗೆ ನಾಣ್ಯವನ್ನು ಓರೆ ಹಿಡಿದು ನಿಧಾನ ತಿರುಗಿಸಿ. ಹೊಳಪಿನ ಪಟ್ಟೆ ಬಯಲಿನಿಂದ (ಚಿತ್ರ, ಅಕ್ಷರ ಇಲ್ಲದ ಸಮತಟ್ಟು ಜಾಗ) ಹೊರಟು ಬೋಳು ಜಾಗದ ಮೇಲೂ ತಡೆಯಿಲ್ಲದೆ ಹಾದುಹೋದರೆ ಅಚ್ಚಿನ ದೋಷ. ಅಲ್ಲಿಗೆ ಬಂದು ಸತ್ತು, ಮಂಕು ಬೂದು ಬಣ್ಣ ಕಂಡರೆ ಸವೆತ. 10 ಪಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಅಚ್ಚು ಬೀಳದ ಜಾಗದಲ್ಲಿ ಬಿಲ್ಲೆಯ (ಅಚ್ಚೊತ್ತುವ ಮುಂಚಿನ ಲೋಹದ ತುಂಡು) ಮೂಲ ತರಿತರಿ, ಸಣ್ಣ ಕಚ್ಚುಗಳು ಉಳಿದಿರುತ್ತವೆ, ಸವೆದದ್ದು ನುಣ್ಣಗಿರುತ್ತೆ.

ತೂಕವನ್ನೂ ನೋಡಿ. ಪೂರ್ತಿ ತೂಕ 11.66 ಗ್ರಾಂ, ಒಂದು ತೊಲ. 1906ರ ನಾಣ್ಯ ಕಾಯ್ದೆ ಶೇ. 2ರ ತನಕದ ಕೊರತೆ ಒಪ್ಪುತ್ತಿತ್ತು, ಅಂದರೆ ಸುಮಾರು 11.43. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ಸವೆದಿಲ್ಲ ಅಂತಲ್ಲ. ಕೂದಲ ಗೆರೆ ಅಳಿಸೋಕೆ ತೀರಾ ಕಡಿಮೆ ಬೆಳ್ಳಿ ಹೋದರೆ ಸಾಕು.

ಪಟ್ಟಣದ_ಪೈಸೆ: ನಮ್ಮ ಕಡೆ ಇನ್ನೊಂದಿದೆ, ದೇವರ ಮನೆ ಸವೆತ. ವರಮಹಾಲಕ್ಷ್ಮಿಗೆ ಅಂತ ವರ್ಷವರ್ಷ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದ ರೂಪಾಯಿ ಫಳಫಳ ಅನ್ನುತ್ತೆ, ಆದರೆ ಅದು ಟಂಕಸಾಲೆ ಹೊಳಪಲ್ಲ. ಬಯಲಲ್ಲಿ ಕೂದಲೆಳೆ ಗೀರು ಒಂದೇ ದಿಕ್ಕಿಗೆ ಓಡಿರುತ್ತವೆ, ಅಕ್ಷರದ ಅಂಚು ದುಂಡಗಾಗಿರುತ್ತೆ. ಸರಕ್ಕೆ ಪೋಣಿಸಿದ್ದ ರೂಪಾಯಿಯಾದರೆ ಮೈಗೆ ತಾಗುವ ಬದಿ ಮಾತ್ರ ನುಣುಪು. ತಲೆಯ ನೇರಕ್ಕೆ ಅಂಚಿನ ಹಲ್ಲುಗೆರೆ ನೋಡಿ. ಕೊಂಡಿ ಬಿಚ್ಚಿ ಅರ ಹಾಕಿದ್ದರೆ ಅಲ್ಲಿ ಗೆರೆ ಮುರಿದಿರುತ್ತೆ.

ಮಂಡ್ಯ_ನಾಣ್ಯ: 1903: 11.61 ಗ್ರಾಂ, ಕಿವಿ ಮೇಲೆ ಮಂಕು ಬೂದು. 1907: 11.38, ಬಿಳಿ ಹೊಳಪು, ಅಕ್ಷರ ಚೂಪಾಗಿವೆ.

ಕೆ.ಆರ್.ಮೊಹಲ್ಲಾ: 1903 ಸಾಮಾನ್ಯ ಚಲಾವಣೆ ಸವೆತ. ಅಚ್ಚಿನ ಕಥೆಗೆ ದುಡ್ಡು ಕೊಡಬೇಡಿ, ಸವೆದ ದರ್ಜೆಗೆ ಚೌಕಾಸಿ ಮಾಡಿ. 1907 ಅನುಮಾನ: ಅಕ್ಷರ ಚೂಪಾಗಿದ್ದೂ 0.28 ಗ್ರಾಂ ಕಮ್ಮಿ ಅಂದರೆ ಬರೀ ಸವೆತದ ಲೆಕ್ಕ ಕೂಡೋದಿಲ್ಲ. ಅರ ಹಾಕಿರಬೇಕು, ಇಲ್ಲ ಎರಕದ ನಕಲಿ. ಅಂಚಲ್ಲಿ ಸುತ್ತ ಕೂಡುಗೆರೆ, ಬಯಲಲ್ಲಿ ಸೂಜಿಮೊನೆಯಂಥ ಗುಳಿ ಇವೆಯಾ?

ಪಟ್ಟಣದ_ಪೈಸೆ: ಇದೇ ನಿಯಮವನ್ನು ಟಿಪ್ಪುವಿನ ಆನೆ ಪೈಸೆಗೆ ಹಚ್ಚಬೇಡಿ. ಅವು ಕೈಯಿಂದ ಬಡಿದವು. ಅಚ್ಚು ಬಿಲ್ಲೆಗಿಂತ ದೊಡ್ಡದಿದ್ದಾಗ ಆನೆ ಮೇಲಿನ ವರ್ಷದ ಅಂಕಿ ಆಚೆಗೇ ಬಿದ್ದಿರುತ್ತೆ. ಅದನ್ನು ಸವೆತ ಅನ್ನೋಕಾಗಲ್ಲ. ಅಂಕಿ ಸಿಕ್ಕು, ಅದು ಮೌಲೂದಿ (ಟಿಪ್ಪು ಜಾರಿಗೆ ತಂದ ಕಾಲಗಣನೆ) ವರ್ಷವಾದರೆ ಬಲದಿಂದ ಎಡಕ್ಕೆ ಓದಿ.