ಅಪ್‌ಡೇಟ್: ಪುಟ್ಟ ಮಕ್ಕಳಿರುವ ನಮ್ಮ ಮನೆ ಮಾರಾಟವಾಯಿತು

ಎರಡು ಮತ್ತು ಐದು ವರ್ಷದ ಮಕ್ಕಳನ್ನು ಇಟ್ಟುಕೊಂಡು ಮನೆಯನ್ನು ಮಾರಾಟಕ್ಕೆ ಸಿದ್ಧ ಮಾಡುವುದು ಹೇಗೆ ಎಂದು ಕೇಳಿದ್ದೆ. ಮನೆ ಮಾರಾಟವಾಯಿತು! ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಆಟಿಕೆಗಳನ್ನು ಮೊದಲೇ ಪ್ಯಾಕ್ ಮಾಡುವ ಸಲಹೆ. ಹೇಗೂ ಮುಂದೆ ಮಾಡಲೇಬೇಕು, ಅಲ್ವಾ? ಒಂದು ಬುಟ್ಟಿಯಷ್ಟು ಮಾತ್ರ ಹೊರಗಿಟ್ಟೆವು. ಯಾವುದು ಇರಲಿ ಎಂದು ಮಕ್ಕಳೇ ಆರಿಸಿದರು, ಹಾಗಾಗಿ ಅಳು ಕಡಿಮೆ. ಯಾರಾದರೂ ನೋಡಲು ಬಂದರೆ ಬುಟ್ಟಿ ನೇರವಾಗಿ ಕಾರಿನ ಡಿಕ್ಕಿಗೆ.

ಗೋಡೆಯ ಕ್ರೆಯಾನ್ ಗೀಟುಗಳನ್ನು ಅಡುಗೆ ಸೋಡಾ ಹಾಕಿ ಒದ್ದೆ ಬಟ್ಟೆಯಿಂದ ಉಜ್ಜಿದೆ. ಹೆಚ್ಚಿನವು ಹೋದವು. ಜೋರಾಗಿ ಉಜ್ಜಿದ ಕಡೆ ಪೇಂಟ್ ಮಂಕಾಗಿ, ಆ ಗೋಡೆಗೆ ಪೂರ್ತಿ ಬಣ್ಣ ಹೊಡೆಸಬೇಕಾಯಿತು. ಮೆಲ್ಲಗೆ ಉಜ್ಜಿ.

ಬಾಗಿಲ ಪಕ್ಕ ಮಕ್ಕಳ ಎತ್ತರ ಗುರುತು ಹಾಕಿದ್ದೆವು. ಬಣ್ಣ ಹೊಡೆಯುವ ಮುಂಚೆ ಅದನ್ನು ಉದ್ದನೆಯ ಕಾಗದದ ಮೇಲೆ ಇಳಿಸಿಕೊಂಡೆ. ಹೊಸ ಮನೆಗೆ ಮೊದಲು ಹೋಗುವುದು ಅದೇ.